ಪೈಪ್‌ಲೈನ್ ಕೆಂಪಾದಾಗ: ಕ್ಲೌಡ್ ಡಿಪ್ಲಾಯ್‌ಮೆಂಟ್ ದೋಷಗಳನ್ನು ಪತ್ತೆಹಚ್ಚಿ ಸರಿಪಡಿಸುವ ಬಗೆ

ಸ್ವಯಂಚಾಲಿತ ಪೈಪ್‌ಲೈನಿನಲ್ಲಿ (ಕೋಡನ್ನು ಹಂತ ಹಂತವಾಗಿ ಪರೀಕ್ಷಿಸಿ ಕ್ಲೌಡ್‌ಗೆ ಸಾಗಿಸುವ ಏರ್ಪಾಡಿನಲ್ಲಿ) ಡಿಪ್ಲಾಯ್‌ಮೆಂಟ್ ವಿಫಲವಾದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ‘ರೀ-ರನ್’ ಗುಂಡಿಯ ಕಡೆಗೆ. ಅಪ್ಲಿಕೇಶನ್ನಿನ ಬಿಲ್ಡ್ ಅಥವಾ ಟೆಸ್ಟ್ ಹಂತದಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ, ಏಕೆಂದರೆ ವಿಫಲವಾದ ಬಿಲ್ಡ್ ತನ್ನ ಹಿಂದೆ ಏನನ್ನೂ ಬಿಟ್ಟು ಹೋಗುವುದಿಲ್ಲ. ಮೂಲಸೌಕರ್ಯದ ವಿಷಯ ಹಾಗಲ್ಲ. ಇಪ್ಪತ್ತು ಸಂಪನ್ಮೂಲಗಳನ್ನು ಸೃಷ್ಟಿಸಬೇಕಿದ್ದ ಡಿಪ್ಲಾಯ್‌ಮೆಂಟ್ ಹನ್ನೊಂದನೆಯದರಲ್ಲಿ ನಿಂತರೆ, ಮೊದಲ ಹತ್ತು ಆಗಲೇ ಕ್ಲೌಡ್‌ನಲ್ಲಿ ಎದ್ದು ನಿಂತಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಶುಲ್ಕವೂ ಶುರುವಾಗಿರುತ್ತದೆ. ಅವು ಇವೆ ಎಂಬ ದಾಖಲೆ ನಮ್ಮ ಉಪಕರಣದ ಬಳಿ ಸರಿಯಾಗಿ ಉಳಿದಿದೆಯೇ ಎಂಬುದು ಮಾತ್ರ ಆ ಹೊತ್ತಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಗುಂಡಿ ಒತ್ತುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ಮೊಟ್ಟಮೊದಲು ಮುರಿದದ್ದು ಯಾವುದು, ಮತ್ತು ಅದು ಮುರಿಯುವ ಹೊತ್ತಿಗೆ ಎಷ್ಟು ಕೆಲಸ ಆಗಿಹೋಗಿತ್ತು. ಮುಂದೆ ಹೇಳುವುದೆಲ್ಲ ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವ ದಾರಿ. ಉದಾಹರಣೆಗಳನ್ನು ಹೆಚ್ಚಾಗಿ ಟೆರಾಫಾರ್ಮ್ (ಕೋಡ್ ಓದಿ ಮೂಲಸೌಕರ್ಯ ಕಟ್ಟುವ ಉಪಕರಣ), ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್) ಮತ್ತು ಗಿಟ್‌ಹಬ್ ಆ್ಯಕ್ಷನ್ಸ್‌ನಿಂದ (ಗಿಟ್‌ಹಬ್‌ನ ಪೈಪ್‌ಲೈನ್ ಸೇವೆಯಿಂದ) ಆರಿಸಿಕೊಂಡಿದ್ದೇನೆ. ಬೇರೆ ಉಪಕರಣ ಬಳಸುವವರಿಗೂ ಹುಡುಕುವ ಕ್ರಮ ಇದೇ.

ಕೊನೆಯ ಸಾಲನ್ನು ಬಿಟ್ಟು ಮೊದಲ ದೋಷಕ್ಕೆ ಹೋಗಿ

ಪೈಪ್‌ಲೈನಿನ ಲಾಗ್ ಪುಟ ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿ ತೆರೆದುಕೊಳ್ಳುತ್ತದೆ, ಆ ಸಾಲು ಹೇಳುವುದು ‘ಎಕ್ಸಿಟ್ ಕೋಡ್ 1’ ಎಂದಷ್ಟೇ. ಅದರ ಮೇಲಿನ ಹತ್ತಿಪ್ಪತ್ತು ಸಾಲುಗಳು ಕೂಡ ಬಹಳ ಸಲ ಪರಿಣಾಮವನ್ನು ಹೇಳುತ್ತವೆಯೇ ಹೊರತು ಕಾರಣವನ್ನಲ್ಲ. ಎಡಬ್ಲ್ಯುಎಸ್‌ನದೇ ಮೂಲಸೌಕರ್ಯ ಕಟ್ಟುವ ಉಪಕರಣವಾದ ಕ್ಲೌಡ್‌ಫಾರ್ಮೇಶನ್ ಬಳಸಿದವರಿಗೆ ಇದರ ಅನುಭವ ಚೆನ್ನಾಗಿ ಇರುತ್ತದೆ: ಒಂದು ಸಂಪನ್ಮೂಲದ ಸೃಷ್ಟಿ ವಿಫಲವಾದ ಕೂಡಲೇ ಅದರ ಜೊತೆಗೆ ಸೃಷ್ಟಿಯಾಗುತ್ತಿದ್ದ ಉಳಿದವುಗಳನ್ನೂ ಅದು ನಿಲ್ಲಿಸಿಬಿಡುತ್ತದೆ, ಮತ್ತು ಪ್ರತಿಯೊಂದರ ಮುಂದೆಯೂ ‘ರಿಸೋರ್ಸ್ ಕ್ರಿಯೇಶನ್ ಕ್ಯಾನ್ಸಲ್ಡ್’ ಎಂದು ಬರೆಯುತ್ತದೆ. ಎಂಟು ಕೆಂಪು ಸಾಲುಗಳಲ್ಲಿ ಏಳು ಹೀಗೆ ಬಂದವು. ನಿಜವಾದ ಕಾರಣ ಇರುವುದು ಒಂದರಲ್ಲಿ ಮಾತ್ರ. ಈವೆಂಟ್‌ಗಳ ಪಟ್ಟಿಯಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ ಇರುವುದರಿಂದ ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದು ಮೊದಲು ಸಿಗುವ ‘ಫೇಲ್ಡ್’ ಸಾಲಿನಲ್ಲಿ ನಿಲ್ಲಬೇಕು.

ಟೆರಾಫಾರ್ಮ್‌ನ ನಡವಳಿಕೆ ಇದಕ್ಕಿಂತ ಸ್ವಲ್ಪ ಭಿನ್ನ. ಅದು ಒಂದೇ ಹೊತ್ತಿಗೆ ಹತ್ತು ಕೆಲಸಗಳನ್ನು ಕೈಗೆತ್ತಿಕೊಳ್ಳುತ್ತದೆ, ಒಂದು ವಿಫಲವಾದರೂ ಅದನ್ನು ಅವಲಂಬಿಸದ ಉಳಿದ ಕೆಲಸಗಳನ್ನು ಮುಂದುವರಿಸುತ್ತದೆ, ದೋಷಗಳನ್ನು ಕೊನೆಯಲ್ಲಿ ಒಟ್ಟಿಗೆ ಮುದ್ರಿಸುತ್ತದೆ. ಹೀಗಾಗಿ ಮೂರು ದೋಷಗಳು ಸಾಲಾಗಿ ಬಂದರೆ ಅವು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಮಸ್ಯೆಗಳಾಗಿರಬಹುದು, ಇಲ್ಲವೇ ಒಂದೇ ಅನುಮತಿಯ ಕೊರತೆ ಮೂರು ಕಡೆ ಕಾಣಿಸಿಕೊಂಡಿರಬಹುದು. ಪ್ರತಿಯೊಂದು ದೋಷದ ಕೆಳಗೂ ಫೈಲಿನ ಹೆಸರು, ಸಾಲಿನ ಸಂಖ್ಯೆ ಮತ್ತು ಕ್ಲೌಡ್ ಸೇವೆ ಕೊಟ್ಟ ಮೂಲ ಉತ್ತರ ಇರುತ್ತವೆ. ಆ ಮೂಲ ಉತ್ತರವನ್ನು ಪೂರ್ತಿ ಓದುವುದು ಅಗತ್ಯ. ಅರ್ಧ ಓದಿ ಹುಡುಕಾಟಕ್ಕೆ ಇಳಿದವರು ಹೆಚ್ಚಿನ ಸಲ ಬೇರೆಯವರ ಸಮಸ್ಯೆಗೆ ಇರುವ ಪರಿಹಾರವನ್ನು ತಮ್ಮ ಪೈಪ್‌ಲೈನಿಗೆ ಹಚ್ಚುತ್ತಾರೆ.

ಎಕ್ಸಿಟ್ ಕೋಡ್ ಒಂದೇ ಸಂಖ್ಯೆಯಾದರೂ ಕೆಲವೊಮ್ಮೆ ಅದೇ ಸಾಕಷ್ಟು ಹೇಳುತ್ತದೆ. 127 ಬಂದರೆ ಆ ಆಜ್ಞೆ ರನ್ನರ್‌ನಲ್ಲಿ, ಅಂದರೆ ಪೈಪ್‌ಲೈನ್ ಓಡುವ ಯಂತ್ರದಲ್ಲಿ, ಇಲ್ಲವೆಂದು ಅರ್ಥ. 126 ಬಂದರೆ ಫೈಲ್ ಇದೆ, ಆದರೆ ಅದನ್ನು ಚಲಾಯಿಸುವ ಅನುಮತಿಯಿಲ್ಲ. 137 ಬಂದರೆ ಪ್ರಕ್ರಿಯೆಯನ್ನು ಹೊರಗಿನಿಂದ ಬಲವಂತವಾಗಿ ಕೊಲ್ಲಲಾಗಿದೆ, ಮತ್ತು ಅದಕ್ಕೆ ಮೆಮೊರಿ ಸಾಲದೆ ಹೋದದ್ದು ಸಾಮಾನ್ಯ ಕಾರಣ. 143 ಬಂದರೆ ನಿಲ್ಲಿಸಲು ಸೂಚನೆ ಹೋಗಿದೆ, ಅಂದರೆ ಯಾರೋ ರದ್ದು ಮಾಡಿದ್ದಾರೆ ಅಥವಾ ಸಮಯದ ಮಿತಿ ಮುಗಿದಿದೆ. ಈ ನಾಲ್ಕರಲ್ಲಿ ಯಾವುದು ಬಂದರೂ ಕ್ಲೌಡ್‌ನ ಕಡೆ ನೋಡುವ ಮೊದಲು ರನ್ನರ್‌ನ ಕಡೆ ನೋಡಬೇಕು.

ಕ್ಲೌಡ್ ಸೇವೆಯ ಉತ್ತರದಲ್ಲಿ ಬರುವ ಎಚ್‌ಟಿಟಿಪಿ ಸಂಖ್ಯೆಗಳೂ ಹೀಗೆಯೇ ದಾರಿ ತೋರಿಸುತ್ತವೆ. 400 ಎಂದರೆ ನಾವು ಕಳಿಸಿದ ವಿವರ ತಪ್ಪು, 401 ಎಂದರೆ ನಾವು ಯಾರೆಂದು ಸಾಬೀತಾಗಿಲ್ಲ, 403 ಎಂದರೆ ಯಾರೆಂದು ಗೊತ್ತಾಗಿದೆ ಆದರೆ ಅನುಮತಿಯಿಲ್ಲ, 409 ಎಂದರೆ ಈಗಾಗಲೇ ಇರುವ ಯಾವುದರ ಜೊತೆಗೋ ಘರ್ಷಣೆ, 429 ಎಂದರೆ ಕೋರಿಕೆಗಳು ಅತಿಯಾಗಿವೆ. ಆದರೆ 403 ಮತ್ತು 404ರ ನಡುವಿನ ಗೆರೆಯನ್ನು ಪೂರ್ತಿ ನಂಬಬಾರದು. ಎಸ್3 ಬಕೆಟ್ಟಿನ (ಎಡಬ್ಲ್ಯುಎಸ್‌ನಲ್ಲಿ ಫೈಲ್ ಇಡುವ ಜಾಗದ) ಪಟ್ಟಿ ನೋಡುವ ಅನುಮತಿ ಇಲ್ಲದವರು ಇಲ್ಲದ ಫೈಲನ್ನು ಕೇಳಿದರೆ ಅದು ‘ಇಲ್ಲ’ ಎನ್ನುವ ಬದಲು 403 ಕೊಡುತ್ತದೆ. ಗಿಟ್‌ಹಬ್‌ನ ನಡವಳಿಕೆ ಇದಕ್ಕೆ ತದ್ವಿರುದ್ಧ: ಖಾಸಗಿ ರೆಪೊಸಿಟರಿಗೆ (ಕೋಡ್ ಸಂಗ್ರಹಕ್ಕೆ) ಪ್ರವೇಶವಿಲ್ಲದವರಿಗೆ ಅದು 404 ಕೊಡುತ್ತದೆ. ಟೆರಾಫಾರ್ಮ್ ಮಾಡ್ಯೂಲನ್ನು ತರುವಾಗ ‘ರೆಪೊಸಿಟರಿ ನಾಟ್ ಫೌಂಡ್’ ಎಂದು ಬಂದರೆ ವಿಳಾಸದಲ್ಲಿ ಅಕ್ಷರ ತಪ್ಪಿದೆಯೇ ಎಂದು ಗಂಟೆಗಟ್ಟಲೆ ಹುಡುಕುವ ಬದಲು, ರನ್ನರ್‌ಗೆ ಆ ರೆಪೊಸಿಟರಿ ಓದುವ ಟೋಕನ್ (ಗುರುತಿನ ಚೀಟಿ) ಸಿಕ್ಕಿದೆಯೇ ಎಂದು ನೋಡುವುದು ಒಳ್ಳೆಯದು.

‘ನನ್ನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ’

ಈ ಮಾತು ಕೇಳಿದಾಗ ಪರಿಶೀಲಿಸಬೇಕಾದ ಮೊದಲ ಸಂಗತಿ ಗುರುತು. ಲ್ಯಾಪ್‌ಟಾಪಿನಲ್ಲಿ ಆಜ್ಞೆ ಓಡುವುದು ಮನುಷ್ಯರೊಬ್ಬರ ಖಾತೆಯಲ್ಲಿ, ಅದಕ್ಕೆ ಬಹುಪಾಲು ವಿಶಾಲವಾದ ಅಧಿಕಾರ ಇರುತ್ತದೆ. ಪೈಪ್‌ಲೈನಿನಲ್ಲಿ ಅದು ಓಡುವುದು ಬೇರೊಂದು ರೋಲ್‌ನಲ್ಲಿ, ಅಂದರೆ ತನ್ನದೇ ಅನುಮತಿಗಳಿರುವ ಬೇರೆ ಗುರುತಿನಲ್ಲಿ. ಆದ್ದರಿಂದ ಪ್ರತಿ ಡಿಪ್ಲಾಯ್‌ಮೆಂಟ್ ಜಾಬ್‌ನ ಮೊದಲ ಹೆಜ್ಜೆಯಾಗಿ ತನ್ನ ಗುರುತನ್ನು ತಾನೇ ಲಾಗ್‌ನಲ್ಲಿ ಬರೆಯುವ ಆಜ್ಞೆಯನ್ನು ಇಟ್ಟುಬಿಡಿ: ಎಡಬ್ಲ್ಯುಎಸ್‌ನಲ್ಲಿ ‘ಎಸ್‌ಟಿಎಸ್ ಗೆಟ್-ಕಾಲರ್-ಐಡೆಂಟಿಟಿ’, ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ‘ಅಕೌಂಟ್ ಶೋ’, ಗೂಗಲ್ ಕ್ಲೌಡ್‌ನಲ್ಲಿ ‘ಆತ್ ಲಿಸ್ಟ್’. ಇದು ತೆಗೆದುಕೊಳ್ಳುವುದು ಒಂದೆರಡು ಸೆಕೆಂಡು. ತಪ್ಪು ಖಾತೆ, ತಪ್ಪು ಸಬ್‌ಸ್ಕ್ರಿಪ್ಶನ್, ತಪ್ಪು ರೋಲ್‌ ಈ ಮೂರೂ ಅಲ್ಲೇ ಬಯಲಾಗುತ್ತವೆ.

ಇತ್ತೀಚೆಗೆ ಶಾಶ್ವತ ಕೀಲಿಗಳ ಬದಲು ಓಐಡಿಸಿ (ಒಂದು ಸೇವೆ ದೃಢೀಕರಿಸಿದ ಗುರುತನ್ನು ಇನ್ನೊಂದು ನಂಬುವ ವ್ಯವಸ್ಥೆ) ಮೂಲಕ ತಾತ್ಕಾಲಿಕ ಟೋಕನ್ ಪಡೆಯುವ ಪದ್ಧತಿ ಬಂದಿದೆ. ಅದು ಸರಿಯಾದ ಪದ್ಧತಿಯೇ. ಆದರೆ ಅದರಲ್ಲಿ ಎಡವುವ ಜಾಗಗಳನ್ನು ಹತ್ತಿರದಿಂದ ನೋಡಿರಬೇಕು. ನಾನು ಕೆಲಸ ಮಾಡಿದ ಒಂದು ತಂಡದಲ್ಲಿ ಉತ್ಪಾದನಾ ಡಿಪ್ಲಾಯ್‌ಮೆಂಟ್‌ಗೆ ಹಿರಿಯರ ಒಪ್ಪಿಗೆ ಕಡ್ಡಾಯವಾಗಲಿ ಎಂದು ಗಿಟ್‌ಹಬ್ ಆ್ಯಕ್ಷನ್ಸ್‌ನ ಜಾಬ್‌ಗೆ ‘ಎನ್ವಿರಾನ್‌ಮೆಂಟ್: ಪ್ರೊಡಕ್ಷನ್’ ಎಂಬ ಒಂದು ಸಾಲು ಸೇರಿಸಲಾಯಿತು. ಮುಂದಿನ ಓಟದಲ್ಲೇ ‘ನಾಟ್ ಆಥರೈಸ್ಡ್ ಟು ಪರ್ಫಾರ್ಮ್ ಎಸ್‌ಟಿಎಸ್: ಅಸ್ಯೂಮ್‌ರೋಲ್‌ವಿತ್‌ವೆಬ್‌ಐಡೆಂಟಿಟಿ’ ಎಂಬ ದೋಷ ಬಂತು. ಕ್ಲೌಡ್‌ನಲ್ಲಿ ಯಾರೂ ಯಾವ ಪಾಲಿಸಿಯನ್ನೂ (ಅನುಮತಿಯ ನಿಯಮವನ್ನೂ) ಮುಟ್ಟಿರಲಿಲ್ಲ. ಅರ್ಧ ದಿನ ಕಳೆದ ಮೇಲೆ ಕಾರಣ ಸಿಕ್ಕಿತು. ಗಿಟ್‌ಹಬ್ ಕೊಡುವ ಟೋಕನ್‌ನಲ್ಲಿ ‘ಸಬ್’ ಎಂಬ ಒಂದು ಅಂಶವಿದೆ. ಸಾಮಾನ್ಯ ಜಾಬ್‌ನಲ್ಲಿ ಅದರ ಕೊನೆಯ ಭಾಗ ಬ್ರಾಂಚಿನ (ಕೋಡ್‌ನ ಕವಲಿನ) ಹೆಸರನ್ನು ಹೇಳುತ್ತದೆ. ಜಾಬ್‌ಗೆ ಎನ್ವಿರಾನ್‌ಮೆಂಟ್ ಹೆಸರಿಸಿದ ಕೂಡಲೇ ಬ್ರಾಂಚಿನ ಜಾಗದಲ್ಲಿ ಎನ್ವಿರಾನ್‌ಮೆಂಟಿನ ಹೆಸರು ಬಂದು ಕೂರುತ್ತದೆ. ರೋಲನ್ನು ಯಾರು ಧರಿಸಬಹುದು ಎಂದು ಹೇಳುವ ಟ್ರಸ್ಟ್ ಪಾಲಿಸಿ ಮಾತ್ರ ಇನ್ನೂ ‘ಮೇನ್’ ಬ್ರಾಂಚಿನ ಹೆಸರಿಗೇ ಕಾಯುತ್ತಿತ್ತು. ಪುಲ್ ರಿಕ್ವೆಸ್ಟ್‌ನಿಂದ (ಕೋಡ್ ಬದಲಾವಣೆ ಸೇರಿಸಿಕೊಳ್ಳುವ ಕೋರಿಕೆಯಿಂದ) ಓಡುವ ಜಾಬ್‌ನಲ್ಲಿ ಈ ಅಂಶದ ರೂಪ ಮತ್ತೆ ಬೇರೆ. ಆದ್ದರಿಂದ ಈ ದೋಷ ಕಂಡಾಗ ಟ್ರಸ್ಟ್ ಪಾಲಿಸಿಯ ಷರತ್ತನ್ನು ಮತ್ತು ಜಾಬ್ ಯಾವ ಘಟನೆಯಿಂದ ಓಡಿತು ಎಂಬುದನ್ನು ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ವರ್ಕ್‌ಫ್ಲೋದಲ್ಲಿ ‘ಐಡಿ-ಟೋಕನ್: ರೈಟ್’ ಅನುಮತಿ ಬಿಟ್ಟುಹೋಗಿದ್ದರೆ ಟೋಕನ್ನೇ ಸಿಗುವುದಿಲ್ಲ, ಅದನ್ನೂ ಈಗಲೇ ನೋಡಿಬಿಡುವುದು ಲೇಸು.

ಗುರುತು ಸರಿಯಾಗಿದ್ದೂ ‘ಆ್ಯಕ್ಸೆಸ್ ಡಿನೈಡ್’ ಬಂದರೆ ಆ ಸಂದೇಶವನ್ನು ನಾಲ್ಕು ಭಾಗವಾಗಿ ಬಿಡಿಸಿ ಓದಬೇಕು: ಯಾವ ರೋಲ್, ಯಾವ ಕ್ರಿಯೆ, ಯಾವ ಸಂಪನ್ಮೂಲದ ಮೇಲೆ, ಮತ್ತು ಏಕೆ. ಈ ಕೊನೆಯ ‘ಏಕೆ’ಯನ್ನು ಅನೇಕರು ಓದದೆ ಬಿಡುತ್ತಾರೆ. ಯಾವ ಪಾಲಿಸಿಯೂ ಅನುಮತಿ ಕೊಟ್ಟಿಲ್ಲ ಎಂದಿದ್ದರೆ ಅನುಮತಿ ಸೇರಿಸಬೇಕು. ಆದರೆ ‘ಎಕ್ಸ್‌ಪ್ಲಿಸಿಟ್ ಡಿನೈ’ ಎಂದಿದ್ದರೆ ಎಷ್ಟು ಅನುಮತಿ ಸೇರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಸ್ಪಷ್ಟ ನಿರಾಕರಣೆ ಯಾವಾಗಲೂ ಅನುಮತಿಯನ್ನು ಮೀರುತ್ತದೆ. ಆ ನಿರಾಕರಣೆ ಸಂಸ್ಥೆಯ ಮಟ್ಟದ ಪಾಲಿಸಿಯಲ್ಲೋ ಬಕೆಟ್ಟಿನ ಪಾಲಿಸಿಯಲ್ಲೋ ಕುಳಿತಿರುತ್ತದೆ. ಎಡಬ್ಲ್ಯುಎಸ್‌ನ ಸರ್ವರ್ ಸೇವೆಯಾದ ಇಸಿ2 ಕೆಲವೊಮ್ಮೆ ಕಾರಣವನ್ನು ಉದ್ದನೆಯ ಸಂಕೇತಾಕ್ಷರಗಳಲ್ಲಿ ಕೊಡುತ್ತದೆ. ಅದನ್ನು ‘ಎಸ್‌ಟಿಎಸ್ ಡಿಕೋಡ್-ಆಥರೈಸೇಶನ್-ಮೆಸೇಜ್’ ಆಜ್ಞೆಯಿಂದ ಬಿಡಿಸಿ ಓದಬಹುದು. ಅವಸರದಲ್ಲಿ ಎಲ್ಲ ಕ್ರಿಯೆಗಳಿಗೂ ನಕ್ಷತ್ರ ಚಿಹ್ನೆ ಹಾಕಿ ಅನುಮತಿ ಕೊಡುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ. ‘ಆಮೇಲೆ ತೆಗೆಯೋಣ’ ಎಂದು ಹಾಕಿದ ನಕ್ಷತ್ರ ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ಹೊಸದಾಗಿ ಸೃಷ್ಟಿಸಿದ ರೋಲ್ ಅಥವಾ ಅನುಮತಿ ಎಲ್ಲೆಡೆ ಹರಡಲು ಸ್ವಲ್ಪ ಹೊತ್ತು ಬೇಕು ಎಂಬುದನ್ನೂ ಮನಸ್ಸಿನಲ್ಲಿಡಬೇಕು. ಗೂಗಲ್ ಕ್ಲೌಡ್‌ನ ಐಎಎಂ (ಗುರುತು ಮತ್ತು ಅನುಮತಿಗಳ ವ್ಯವಸ್ಥೆ) ಬದಲಾವಣೆ ಸಾಮಾನ್ಯವಾಗಿ 2 ನಿಮಿಷದಲ್ಲಿ ಜಾರಿಗೆ ಬಂದರೂ 7 ನಿಮಿಷ ಅಥವಾ ಅದಕ್ಕೂ ಹೆಚ್ಚು ಹಿಡಿಯಬಹುದು. ರೋಲ್ ಸೃಷ್ಟಿಸಿದ ಮರುಕ್ಷಣವೇ ಅದನ್ನು ಎಡಬ್ಲ್ಯುಎಸ್‌ನ ಲ್ಯಾಂಬ್ಡಾ ಫಂಕ್ಷನ್ನಿಗೆ (ಸರ್ವರ್ ನಿರ್ವಹಿಸದೆ ಓಡಿಸುವ ಕೋಡ್‌ಗೆ) ಕೊಟ್ಟರೆ ‘ಈ ರೋಲನ್ನು ಧರಿಸಲಾಗದು’ ಎಂಬ ದೋಷ ಬಂದು, ಎರಡನೆಯ ಓಟದಲ್ಲಿ ತಾನಾಗಿ ಸರಿಹೋಗುವುದು ಇದೇ ಕಾರಣಕ್ಕೆ.

ಕೀಲಿಯನ್ನು ಸೀಕ್ರೆಟ್ ಆಗಿ ಇಟ್ಟಿರುವ ಪೈಪ್‌ಲೈನ್‌ಗಳಲ್ಲಿ ಇನ್ನೊಂದು ಸಣ್ಣ ಆದರೆ ಬಹಳ ಕಾಡುವ ದೋಷವಿದೆ. ಸೀಕ್ರೆಟ್ಟನ್ನು ಬೇಸ್64ಗೆ ಬದಲಿಸುವಾಗ ‘ಎಕೋ’ ಆಜ್ಞೆ ಕೊನೆಯಲ್ಲಿ ಹೊಸ ಸಾಲಿನ ಒಂದು ಅಕ್ಷರವನ್ನು ಸೇರಿಸುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಲಾಗ್‌ನಲ್ಲಿ ಸೀಕ್ರೆಟ್ ಮುಚ್ಚಿರುವುದರಿಂದ ಅಲ್ಲಿಯೂ ಗೊತ್ತಾಗುವುದಿಲ್ಲ. ಸೀಕ್ರೆಟ್ಟನ್ನು ಮುದ್ರಿಸದೆ, ಮೂಲರೂಪಕ್ಕೆ ಬಿಡಿಸಿದ ಮೇಲೆ ಅದರ ಉದ್ದವನ್ನಷ್ಟೇ ಮುದ್ರಿಸಿ ನೋಡಿ: ಎಡಬ್ಲ್ಯುಎಸ್‌ನ ಗುಪ್ತ ಕೀಲಿ 40 ಅಕ್ಷರದ್ದು, 41 ಎಂದು ಬಂದರೆ ಕಾರಣ ಸಿಕ್ಕಿತು.

ಸ್ಟೇಟ್ ಫೈಲ್, ಲಾಕ್ ಮತ್ತು ಅರ್ಧಕ್ಕೆ ನಿಂತ ಕೆಲಸ

ಎರಡನೆಯ ಪ್ರಶ್ನೆಗೆ, ಅಂದರೆ ಎಷ್ಟು ಕೆಲಸ ಆಗಿಹೋಗಿದೆ ಎಂಬುದಕ್ಕೆ, ಉತ್ತರ ಇರುವುದು ಮೂರು ಕಡೆ: ನಾವು ಬರೆದ ಕೋಡ್, ಉಪಕರಣ ಇಟ್ಟುಕೊಂಡಿರುವ ಸ್ಟೇಟ್ (ತಾನು ಸೃಷ್ಟಿಸಿದ್ದರ ದಾಖಲೆ), ಮತ್ತು ಕ್ಲೌಡ್‌ನಲ್ಲಿ ನಿಜವಾಗಿ ಇರುವುದು. ಈ ಮೂರೂ ಒಂದನ್ನೇ ಹೇಳುತ್ತಿದ್ದರೆ ಸಮಸ್ಯೆಯಿಲ್ಲ. ಯಾವ ಎರಡರ ನಡುವೆ ಹೊಂದಾಣಿಕೆ ತಪ್ಪಿದೆ ಎಂದು ಗುರುತಿಸಿದರೆ ಪರಿಹಾರವೂ ಅಲ್ಲೇ ಸಿಗುತ್ತದೆ.

ಅತಿ ಹೆಚ್ಚು ಕಾಣಿಸಿಕೊಳ್ಳುವುದು ‘ಎರರ್ ಅಕ್ವೈರಿಂಗ್ ದ ಸ್ಟೇಟ್ ಲಾಕ್’ ಎಂಬ ದೋಷ: ಒಂದೇ ಸ್ಟೇಟ್‌ಗೆ ಇಬ್ಬರು ಒಟ್ಟಿಗೆ ಬರೆಯದಂತೆ ತಡೆಯುವ ಬೀಗ ಸಿಗಲಿಲ್ಲ ಎಂದರ್ಥ. ಅದರ ಕೆಳಗೆ ಲಾಕ್‌ನ ಐಡಿ, ಯಾವ ಕೆಲಸಕ್ಕಾಗಿ ಅದನ್ನು ತೆಗೆದುಕೊಳ್ಳಲಾಯಿತು, ಯಾರು ತೆಗೆದುಕೊಂಡರು, ಯಾವಾಗ ಎಂಬ ವಿವರಗಳಿರುತ್ತವೆ. ಸಮಯ ಯುಟಿಸಿಯಲ್ಲಿ ಇರುವುದರಿಂದ ಅದನ್ನು ಸ್ಥಳೀಯ ಸಮಯವೆಂದು ಭಾವಿಸಿ ‘ಇದು ಎಷ್ಟೋ ಗಂಟೆಗಳ ಹಿಂದಿನ ಹಳೆಯ ಲಾಕ್’ ಎಂದು ತೀರ್ಮಾನಿಸಬಾರದು. ಆ ಹೆಸರಿನ ರನ್ನರ್ ಇನ್ನೂ ಓಡುತ್ತಿದೆಯೇ, ಆ ಹೊತ್ತಿಗೆ ಬೇರೆ ಯಾವ ಪೈಪ್‌ಲೈನ್ ಶುರುವಾಗಿತ್ತು, ಸಹೋದ್ಯೋಗಿ ಯಾರಾದರೂ ತಮ್ಮ ಯಂತ್ರದಿಂದ ಕೆಲಸ ಮಾಡುತ್ತಿದ್ದಾರೆಯೇ ಎಂದು ವಿಚಾರಿಸಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಆ ಐಡಿ ಕೊಟ್ಟು ‘ಫೋರ್ಸ್-ಅನ್‌ಲಾಕ್’ ಮಾಡಬೇಕು. ಜೀವಂತ ಲಾಕನ್ನು ಮುರಿದರೆ ಎರಡು ಪ್ರಕ್ರಿಯೆಗಳು ಒಂದೇ ಸ್ಟೇಟ್ ಫೈಲಿಗೆ ಬರೆಯುತ್ತವೆ, ಅದನ್ನು ಸರಿಪಡಿಸಲು ದಿನಗಳೇ ಬೇಕಾಗಬಹುದು. ಫೋರ್ಸ್-ಅನ್‌ಲಾಕ್ ಆಜ್ಞೆಯನ್ನು ಪೈಪ್‌ಲೈನಿನಲ್ಲೇ ಸ್ವಯಂಚಾಲಿತವಾಗಿ ಇಟ್ಟಿರುವುದನ್ನು ಕಂಡರೆ ದಯವಿಟ್ಟು ತೆಗೆದುಹಾಕಿ. ಲಾಕ್ ಇರುವ ಉದ್ದೇಶವನ್ನೇ ಅದು ಇಲ್ಲವಾಗಿಸುತ್ತದೆ. ಇನ್ನೊಬ್ಬರ ಕೆಲಸ ಮುಗಿಯಲು ಕಾಯುವುದಷ್ಟೇ ಬೇಕಿದ್ದರೆ ‘ಲಾಕ್-ಟೈಮ್‌ಔಟ್’ ಆಯ್ಕೆಗೆ ಐದೋ ಹತ್ತೋ ನಿಮಿಷ ಕೊಟ್ಟರೆ ಸಾಕು. ಅದನ್ನು ಕೊಡದಿದ್ದರೆ ಟೆರಾಫಾರ್ಮ್ ಒಂದು ಕ್ಷಣವೂ ಕಾಯುವುದಿಲ್ಲ.

ಇಂಥ ಅನಾಥ ಲಾಕ್‌ಗಳು ಹುಟ್ಟುವುದಾದರೂ ಎಲ್ಲಿಂದ? ಬಹಳಷ್ಟು ಹುಟ್ಟುವುದು ರದ್ದತಿಯಿಂದ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಜಾಬನ್ನು ರದ್ದು ಮಾಡಿದರೆ ಪ್ರಕ್ರಿಯೆಗೆ ಮೊದಲು ನಿಲ್ಲುವಂತೆ ಸೂಚನೆ ಹೋಗುತ್ತದೆ, 7.5 ಸೆಕೆಂಡಿನ ಬಳಿಕ ಎರಡನೆಯ ಸೂಚನೆ, ಮತ್ತೆ 2.5 ಸೆಕೆಂಡಿನ ಬಳಿಕ ಪ್ರಕ್ರಿಯೆಯನ್ನೇ ಕೊಲ್ಲಲಾಗುತ್ತದೆ. ಟೆರಾಫಾರ್ಮ್ ಮೊದಲ ಸೂಚನೆ ಸಿಕ್ಕಾಗ ಕೈಯಲ್ಲಿರುವ ಕೆಲಸವನ್ನು ಮುಗಿಸಿ, ಸ್ಟೇಟ್ ಬರೆದು, ಲಾಕ್ ಬಿಟ್ಟು ಹೊರಡಲು ನೋಡುತ್ತದೆ. ಡೇಟಾಬೇಸ್ ಸೃಷ್ಟಿಯ ನಡುವೆ ಇದ್ದರೆ ಅದಕ್ಕೆ ಹತ್ತು ಸೆಕೆಂಡು ಎಲ್ಲಿ ಸಾಕು? ಹೊಸ ಕಮಿಟ್ (ದಾಖಲಾದ ಕೋಡ್ ಬದಲಾವಣೆ) ಬಂದ ಕೂಡಲೇ ಹಳೆಯ ಓಟವನ್ನು ರದ್ದು ಮಾಡುವ ‘ಕ್ಯಾನ್ಸಲ್-ಇನ್-ಪ್ರೋಗ್ರೆಸ್’ ಸೌಲಭ್ಯ ಟೆಸ್ಟ್‌ಗಳಿಗೆ ಬಹಳ ಒಳ್ಳೆಯದು, ಬದಲಾವಣೆಯನ್ನು ಕ್ಲೌಡ್‌ನಲ್ಲಿ ಜಾರಿಗೊಳಿಸುವ ‘ಅಪ್ಲೈ’ ನಡೆಸುವ ಜಾಬ್‌ಗೆ ಮಾತ್ರ ಅದನ್ನು ಎಂದಿಗೂ ಹಾಕಬಾರದು. ಅಲ್ಲಿ ಬೇಕಾಗಿರುವುದು ಒಂದರ ಹಿಂದೆ ಒಂದು ಸರದಿಯಲ್ಲಿ ಓಡಿಸುವ ಏರ್ಪಾಡು: ಗಿಟ್‌ಹಬ್‌ನಲ್ಲಿ ‘ಕನ್‌ಕರೆನ್ಸಿ’, ಗಿಟ್‌ಲ್ಯಾಬ್‌ನಲ್ಲಿ ‘ರಿಸೋರ್ಸ್ ಗ್ರೂಪ್’.

ರದ್ದತಿಗಿಂತ ಕಡಿಮೆ ಪರಿಚಿತವಾದ, ಆದರೆ ಹೆಚ್ಚು ಅಪಾಯಕಾರಿಯಾದ ಇನ್ನೊಂದು ಸ್ಥಿತಿಯಿದೆ. ಎಡಬ್ಲ್ಯುಎಸ್‌ನಲ್ಲಿ ರೋಲ್ ಧರಿಸಿ ಪಡೆದ ತಾತ್ಕಾಲಿಕ ಟೋಕನ್‌ನ ಆಯಸ್ಸು ಬೇರೆ ಹೇಳದಿದ್ದರೆ 1 ಗಂಟೆ. ರೋಲ್‌ನಲ್ಲಿ ಹೊಂದಿಸಿ ಅದನ್ನು 12 ಗಂಟೆಯವರೆಗೆ ಹೆಚ್ಚಿಸಬಹುದು, ಆದರೆ ಒಂದು ರೋಲ್‌ನಿಂದ ಇನ್ನೊಂದು ರೋಲ್‌ಗೆ ದಾಟಿ ಪಡೆದ ಟೋಕನ್‌ಗೆ 1 ಗಂಟೆಯೇ ಮಿತಿ. ದೊಡ್ಡ ಡಿಪ್ಲಾಯ್‌ಮೆಂಟ್ 58ನೇ ನಿಮಿಷದಲ್ಲಿ ಡೇಟಾಬೇಸ್ ಒಂದನ್ನು ಶುರು ಮಾಡಿ ಅದಕ್ಕಾಗಿ ಕಾಯುತ್ತಿರುವಾಗ ಟೋಕನ್ ಸತ್ತರೆ, ಕ್ಲೌಡ್‌ನಲ್ಲಿ ಡೇಟಾಬೇಸ್ ಸೃಷ್ಟಿಯಾಗುತ್ತಲೇ ಇರುತ್ತದೆ, ಆದರೆ ಟೆರಾಫಾರ್ಮ್‌ಗೆ ಅದರ ಸ್ಥಿತಿಯನ್ನು ಕೇಳಲೂ ಆಗುವುದಿಲ್ಲ, ಸ್ಟೇಟನ್ನು ದೂರದ ಬಕೆಟ್ಟಿಗೆ ಬರೆಯಲೂ ಆಗುವುದಿಲ್ಲ. ಆಗ ಅದು ಕೊನೆಯ ಪ್ರಯತ್ನವಾಗಿ ಸ್ಟೇಟನ್ನು ‘ಎರರ್ಡ್.ಟಿಎಫ್‌ಸ್ಟೇಟ್’ ಎಂಬ ಹೆಸರಿನಲ್ಲಿ ಕೆಲಸದ ಫೋಲ್ಡರ್‌ನಲ್ಲೇ ಉಳಿಸುತ್ತದೆ. ಲ್ಯಾಪ್‌ಟಾಪಿನಲ್ಲಾದರೆ ಆ ಫೈಲ್ ಅಲ್ಲೇ ಇರುತ್ತದೆ. ಪೈಪ್‌ಲೈನಿನಲ್ಲಿ ರನ್ನರ್ ಅಳಿದಾಗ ಅದೂ ಅಳಿಯುತ್ತದೆ. ಅದರೊಂದಿಗೆ ಆ ಓಟದಲ್ಲಿ ಏನೇನು ಸೃಷ್ಟಿಯಾಯಿತು ಎಂಬ ದಾಖಲೆಯೂ ಹೋಗುತ್ತದೆ. ಆದ್ದರಿಂದ ಜಾಬ್ ವಿಫಲವಾದರೂ ತಪ್ಪದೆ ಓಡುವ ಒಂದು ಹೆಜ್ಜೆಯನ್ನು ಸೇರಿಸಿ, ಈ ಫೈಲ್ ಇದ್ದರೆ ಅದನ್ನು ಎನ್‌ಕ್ರಿಪ್ಟ್ ಮಾಡಿ ಸುರಕ್ಷಿತ ಜಾಗಕ್ಕೆ ಸಾಗಿಸುವ ವ್ಯವಸ್ಥೆ ಮಾಡಿ. ಸ್ಟೇಟ್ ಫೈಲಿನಲ್ಲಿ ಪಾಸ್‌ವರ್ಡ್‌ಗಳು ಬಿಚ್ಚು ರೂಪದಲ್ಲಿ ಇರಬಹುದಾದ್ದರಿಂದ ಅದನ್ನು ಎಲ್ಲರೂ ಇಳಿಸಿಕೊಳ್ಳಬಹುದಾದ ಆರ್ಟಿಫ್ಯಾಕ್ಟ್ ಆಗಿ ಇಡುವಂತಿಲ್ಲ. ಹೊಸ ಟೋಕನ್ ಪಡೆದು ‘ಸ್ಟೇಟ್ ಪುಶ್’ ಆಜ್ಞೆಯಿಂದ ಆ ಫೈಲನ್ನು ಬಕೆಟ್ಟಿಗೆ ಏರಿಸಿದ ಮೇಲೆಯೇ ಮುಂದಿನ ಓಟಕ್ಕೆ ಹೋಗಬೇಕು.

ಹಾಗೆ ಮಾಡದೆ ರೀ-ರನ್ ಒತ್ತಿದವರಿಗೆ ಸಿಗುವುದು ‘ಆಲ್ರೆಡಿ ಎಕ್ಸಿಸ್ಟ್ಸ್’ ಎಂಬ ದೋಷ: ಕ್ಲೌಡ್‌ನಲ್ಲಿ ಸಂಪನ್ಮೂಲ ಇದೆ, ಸ್ಟೇಟ್‌ನಲ್ಲಿ ಇಲ್ಲ. ಇಲ್ಲಿ ಕನ್ಸೋಲ್‌ಗೆ (ಕ್ಲೌಡ್‌ನ ನಿರ್ವಹಣಾ ಪುಟಕ್ಕೆ) ಹೋಗಿ ಅಳಿಸಿಬಿಡುವುದು ಸುಲಭವೆನಿಸಿದರೂ, ಅದರಲ್ಲಿ ದತ್ತಾಂಶ ಇಲ್ಲವೆಂಬ ಖಾತ್ರಿ ಇಲ್ಲದೆ ಅಳಿಸಬಾರದು. ಟೆರಾಫಾರ್ಮ್ 1.5ರಿಂದ ಕೋಡ್‌ನಲ್ಲೇ ‘ಇಂಪೋರ್ಟ್’ ಬ್ಲಾಕ್ ಬರೆದು ಇರುವ ಸಂಪನ್ಮೂಲವನ್ನು ಸ್ಟೇಟ್‌ಗೆ ಸೇರಿಸಿಕೊಳ್ಳಬಹುದು. ಅದು ಪ್ಲ್ಯಾನ್‌ನಲ್ಲೂ (ಏನೇನು ಬದಲಾಗಲಿದೆ ಎಂದು ಮೊದಲೇ ತೋರಿಸುವ ಪಟ್ಟಿಯಲ್ಲೂ) ಕಾಣಿಸುವುದರಿಂದ ಪೈಪ್‌ಲೈನಿನಲ್ಲಿ ಮಾಡಲು ಇದೇ ಸೂಕ್ತ ದಾರಿ. ಕನ್ಸೋಲ್‌ನಲ್ಲಿ ಯಾರೋ ಕೈಯಿಂದ ಮಾಡಿದ ಬದಲಾವಣೆಯ ಅನುಮಾನವಿದ್ದರೆ ‘ಪ್ಲ್ಯಾನ್’ ಆಜ್ಞೆಗೆ ‘ರಿಫ್ರೆಶ್-ಓನ್ಲಿ’ ಸೇರಿಸಿ ಓಡಿಸಿ. ಏನನ್ನೂ ಬದಲಿಸದೆ ಸ್ಟೇಟ್‌ಗೂ ವಾಸ್ತವಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಅದು ತೋರಿಸುತ್ತದೆ. ಸ್ಟೇಟ್ ಇಡುವ ಬಕೆಟ್ಟಿಗೆ ವರ್ಶನಿಂಗ್ (ಹಳೆಯ ಪ್ರತಿಗಳನ್ನು ಉಳಿಸುವ ಸೌಲಭ್ಯ) ಇಲ್ಲದಿದ್ದರೆ ಇಂದೇ ಹಾಕಿ.

ಕ್ಲೌಡ್‌ಫಾರ್ಮೇಶನ್ ಬಳಸುವವರಿಗೆ ಎರಡು ಸ್ಥಿತಿಗಳು ತಿಳಿದಿರಬೇಕು. ಮೊದಲ ಸೃಷ್ಟಿಯೇ ವಿಫಲವಾಗಿ ಸ್ಟ್ಯಾಕ್ (ಒಟ್ಟಿಗೆ ನಿರ್ವಹಿಸುವ ಸಂಪನ್ಮೂಲಗಳ ಗುಂಪು) ‘ರೋಲ್‌ಬ್ಯಾಕ್ ಕಂಪ್ಲೀಟ್’ನಲ್ಲಿ ನಿಂತರೆ ಅದನ್ನು ಅಪ್‌ಡೇಟ್ ಮಾಡಲಾಗದು, ಅಳಿಸಿ ಮತ್ತೆ ಸೃಷ್ಟಿಸಬೇಕು. ‘ಅಪ್‌ಡೇಟ್ ರೋಲ್‌ಬ್ಯಾಕ್ ಫೇಲ್ಡ್’ನಲ್ಲಿ ಸಿಕ್ಕಿಕೊಂಡರೆ, ಹಿಂದಕ್ಕೆ ಹೋಗಲು ಅಡ್ಡಿಯಾದ ಸಂಪನ್ಮೂಲವನ್ನು ಸರಿಪಡಿಸಿ ‘ಕಂಟಿನ್ಯೂ-ಅಪ್‌ಡೇಟ್-ರೋಲ್‌ಬ್ಯಾಕ್’ ಕೊಡಬೇಕು.

ಮಿತಿ, ಹೆಸರು, ಸಮಯ

ಕೋಟಾ ಮುಗಿಯುವುದು ಮತ್ತು ಜಾಗವಿಲ್ಲದಿರುವುದು ಎರಡೂ ಒಂದೇ ಬಗೆಯಲ್ಲಿ ಕಂಡರೂ ಬೇರೆ ಬೇರೆ ದೋಷಗಳು. ‘ಲಿಮಿಟ್ ಎಕ್ಸೀಡೆಡ್’ ಎಂದರೆ ನಮ್ಮ ಖಾತೆಗೆ ಹಾಕಿರುವ ಮಿತಿ ಮುಗಿದಿದೆ. ಎಡಬ್ಲ್ಯುಎಸ್‌ನಲ್ಲಿ ಪ್ರತಿ ರೀಜನ್‌ಗೆ ಆರಂಭದಲ್ಲಿ ಸಿಗುವುದು 5 ವಿಪಿಸಿ (ಖಾಸಗಿ ನೆಟ್‌ವರ್ಕ್) ಮತ್ತು 5 ಇಲಾಸ್ಟಿಕ್ ಐಪಿ (ಸ್ಥಿರ ಸಾರ್ವಜನಿಕ ವಿಳಾಸ), ಹೆಚ್ಚು ಬೇಕಾದರೆ ಕೋರಿಕೆ ಸಲ್ಲಿಸಬೇಕು. ‘ಇನ್‌ಸಫಿಶಿಯಂಟ್ ಇನ್‌ಸ್ಟನ್ಸ್ ಕೆಪ್ಯಾಸಿಟಿ’ ಎಂದರೆ ಆ ವಲಯದಲ್ಲಿ ಆ ಗಾತ್ರದ ಯಂತ್ರವೇ ಸದ್ಯಕ್ಕೆ ಖಾಲಿಯಿಲ್ಲ. ಇದಕ್ಕೆ ಕೋಟಾ ಹೆಚ್ಚಿಸಿ ಪ್ರಯೋಜನವಿಲ್ಲ, ಬೇರೆ ವಲಯ ಅಥವಾ ಬೇರೆ ಗಾತ್ರ ನೋಡಬೇಕು.

ಅಳಿಸಿದ ಹೆಸರನ್ನೇ ಮತ್ತೆ ಬಳಸುವಾಗ ಬರುವ ದೋಷ ಹೊಸಬರನ್ನು ಬಹಳ ಗೊಂದಲಕ್ಕೆ ತಳ್ಳುತ್ತದೆ. ಎಡಬ್ಲ್ಯುಎಸ್ ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿ ಅಳಿಸಿದ ಸೀಕ್ರೆಟ್ 7ರಿಂದ 30 ದಿನಗಳವರೆಗೆ ಮರಳಿ ಪಡೆಯಬಹುದಾದ ಸ್ಥಿತಿಯಲ್ಲಿ ಇರುತ್ತದೆ, ಬೇರೆ ಹೇಳದಿದ್ದರೆ 30 ದಿನ. ಪಟ್ಟಿಯಲ್ಲಿ ಅದು ಕಾಣದಿದ್ದರೂ ಆ ಹೆಸರು ಮಾತ್ರ ಬಿಡುಗಡೆಯಾಗಿರುವುದಿಲ್ಲ. ಪರೀಕ್ಷೆಗಾಗಿ ಪ್ರತಿದಿನ ಕಟ್ಟಿ ಕೆಡವುವ ಪರಿಸರಗಳಲ್ಲಿ ಎರಡನೆಯ ದಿನವೇ ಪೈಪ್‌ಲೈನ್ ಮುರಿಯುವುದು ಇದರಿಂದ. ಅಂಥ ಕಡೆ ಹೆಸರಿನ ಕೊನೆಗೆ ಯಾದೃಚ್ಛಿಕ ಅಕ್ಷರಗಳನ್ನು ಸೇರಿಸಿ, ಇಲ್ಲವೇ ಆ ಪರಿಸರಕ್ಕೆ ಮಾತ್ರ ಕಾಯುವ ಅವಧಿಯನ್ನು ಸೊನ್ನೆ ಮಾಡಿ. ಅಜೂರ್‌ನ ಕೀ ವಾಲ್ಟ್‌ನಲ್ಲೂ ಇದೇ ಬಗೆಯ ತಡೆಯಿದೆ.

ಅಜೂರ್‌ನ ಹೊಸ ಸಬ್‌ಸ್ಕ್ರಿಪ್ಶನ್‌ನಲ್ಲಿ ರಿಸೋರ್ಸ್ ಪ್ರೊವೈಡರ್ ನೋಂದಣಿಯಾಗಿಲ್ಲ ಎಂಬ ದೋಷ, ಗೂಗಲ್ ಕ್ಲೌಡ್‌ನ ಹೊಸ ಪ್ರಾಜೆಕ್ಟ್‌ನಲ್ಲಿ ಎಪಿಐ ಸಕ್ರಿಯವಾಗಿಲ್ಲ ಎಂಬ ದೋಷ ಒಂದೇ ಜಾತಿಯವು. ಸಕ್ರಿಯಗೊಳಿಸಿ ಕೆಲವು ನಿಮಿಷ ಕಾಯಬೇಕು.

ಟೆರಾಫಾರ್ಮ್‌ನ ‘ಇನಿಟ್’ ಹಂತದಲ್ಲೇ ಚೆಕ್‌ಸಮ್ ಹೊಂದುತ್ತಿಲ್ಲ ಎಂದು ಬಂದರೆ ಲಾಕ್ ಫೈಲನ್ನು (ಪ್ರೊವೈಡರ್‌ಗಳ ಆವೃತ್ತಿ ಮತ್ತು ಚೆಕ್‌ಸಮ್‌ಗಳ ದಾಖಲೆಯನ್ನು; ಹಿಂದೆ ಹೇಳಿದ ಸ್ಟೇಟ್ ಲಾಕ್ ಬೇರೆ) ಅಳಿಸಬೇಡಿ. ಮ್ಯಾಕ್‌ನಲ್ಲಿ ತಯಾರಾದ ಆ ಫೈಲಿನಲ್ಲಿ ಲಿನಕ್ಸ್ ರನ್ನರ್‌ಗೆ ಬೇಕಾದ ಚೆಕ್‌ಸಮ್ ಇಲ್ಲದಿರುವುದು ಸಾಮಾನ್ಯ ಕಾರಣ. ‘ಪ್ರೊವೈಡರ್ಸ್ ಲಾಕ್’ ಆಜ್ಞೆಗೆ ಎರಡೂ ವೇದಿಕೆಗಳ ಹೆಸರು ಕೊಟ್ಟು ಫೈಲನ್ನು ಮತ್ತೆ ಬರೆಸಿ ಕಮಿಟ್ ಮಾಡಿದರೆ ಸರಿಹೋಗುತ್ತದೆ.

ಕುಬರ್ನೆಟೀಸ್‌ಗೆ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆಗೆ) ಅದರ ಪ್ಯಾಕೇಜ್ ಉಪಕರಣವಾದ ಹೆಲ್ಮ್ ಮೂಲಕ ಡಿಪ್ಲಾಯ್ ಮಾಡುವವರಿಗೆ ಪೈಪ್‌ಲೈನ್ ಕೊಡುವ ಉತ್ತರ ‘ಟೈಮ್ಡ್ ಔಟ್’ ಎಂದಷ್ಟೇ ಇರುತ್ತದೆ, ಏಕೆಂದರೆ ಹೆಲ್ಮ್ 5 ನಿಮಿಷ ಕಾದು ಕೈಬಿಟ್ಟಿರುತ್ತದೆ. ಸಮಯವನ್ನು 15 ನಿಮಿಷಕ್ಕೆ ಏರಿಸುವ ಮೊದಲು ಪಾಡ್ (ಕಂಟೇನರ್ ಓಡುವ ಘಟಕ) ಏಕೆ ಸಿದ್ಧವಾಗಲಿಲ್ಲ ಎಂದು ನೋಡಿ: ‘ಡಿಸ್ಕ್ರೈಬ್ ಪಾಡ್’ನ ಕೊನೆಯಲ್ಲಿ ಬರುವ ಈವೆಂಟ್‌ಗಳು ಇಮೇಜ್ ಸಿಗಲಿಲ್ಲವೇ ಅಥವಾ ನೋಡ್‌ನಲ್ಲಿ ಜಾಗವಿರಲಿಲ್ಲವೇ ಎಂದು ಹೇಳುತ್ತವೆ. ಕಂಟೇನರ್ ಎದ್ದೆದ್ದು ಬೀಳುತ್ತಿದ್ದರೆ ಈಗಿನ ಲಾಗ್‌ನಲ್ಲಿ ಏನೂ ಇರಲಾರದು, ‘ಲಾಗ್ಸ್’ ಆಜ್ಞೆಗೆ ‘ಪ್ರೀವಿಯಸ್’ ಸೇರಿಸಿ ಹಿಂದಿನ ಬಾರಿ ಬಿದ್ದದ್ದರ ಲಾಗ್ ಓದಬೇಕು.

ಹಸಿರಾಗಿದ್ದೂ ಸರಿಯಿಲ್ಲದ ಓಟ

ವಿಫಲವಾದದ್ದನ್ನು ಯಶಸ್ಸೆಂದು ತೋರಿಸುವ ಪೈಪ್‌ಲೈನ್ ಕೆಂಪು ಪೈಪ್‌ಲೈನಿಗಿಂತ ಕೆಟ್ಟದ್ದು. ಪ್ಲ್ಯಾನ್‌ನ ಫಲಿತಾಂಶವನ್ನು ಲಾಗ್‌ಗೂ ಫೈಲಿಗೂ ಒಟ್ಟಿಗೆ ಬರೆಯಲು ಪೈಪ್ ಹಾಕಿ ‘ಟೀ’ ಆಜ್ಞೆಗೆ ಕೊಟ್ಟಾಗ ಶೆಲ್ ನೋಡುವುದು ‘ಟೀ’ ಯಶಸ್ವಿಯಾಯಿತೇ ಎಂಬುದನ್ನು ಮಾತ್ರ. ಎಡಗಡೆಯ ಟೆರಾಫಾರ್ಮ್ ಸೋತದ್ದು ಮರೆಯಾಗುತ್ತದೆ. ಇದಕ್ಕೆ ಮದ್ದು ‘ಪೈಪ್‌ಫೇಲ್’ ಆಯ್ಕೆ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ‘ಶೆಲ್: ಬ್ಯಾಷ್’ ಎಂದು ಸ್ಪಷ್ಟವಾಗಿ ಬರೆದರೆ ಅದು ತಾನಾಗಿ ಜಾರಿಯಾಗುತ್ತದೆ, ಶೆಲ್ ಹೆಸರಿಸದೆ ಬಿಟ್ಟರೆ ಆಗುವುದಿಲ್ಲ, ಒಂದೇ ಸ್ಕ್ರಿಪ್ಟ್ ಎರಡು ಜಾಬ್‌ಗಳಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುವುದಕ್ಕೆ ಇದೇ ಕಾರಣವಾಗಿರಬಹುದು.

ಇದರ ತಿರುಗುಮುರುಗು ‘ಡೀಟೇಲ್ಡ್-ಎಕ್ಸಿಟ್‌ಕೋಡ್’ ಆಯ್ಕೆಯಲ್ಲಿ ಕಾಣುತ್ತದೆ. ಅದನ್ನು ಕೊಟ್ಟಾಗ ಪ್ಲ್ಯಾನ್ ಬದಲಾವಣೆ ಇಲ್ಲದಿದ್ದರೆ 0, ದೋಷವಿದ್ದರೆ 1, ಬದಲಾವಣೆ ಇದ್ದರೆ 2 ಕೊಡುತ್ತದೆ. ಶೆಲ್‌ಗೆ ಸೊನ್ನೆಯಲ್ಲದ್ದೆಲ್ಲ ಸೋಲೇ. ಹಾಗಾಗಿ ಎಲ್ಲವೂ ಸರಿಯಿದ್ದೂ, ಮಾಡಬೇಕಾದ ಬದಲಾವಣೆ ಇದೆ ಎಂಬ ಒಂದೇ ಕಾರಣಕ್ಕೆ ಜಾಬ್ ಕೆಂಪಾಗುತ್ತದೆ.

ಇಷ್ಟರಿಂದಲೂ ಕಾರಣ ಸಿಗದಿದ್ದರೆ ‘ಟಿಎಫ್_ಲಾಗ್’ ಪರಿಸರ ಚರಕ್ಕೆ ‘ಡೀಬಗ್’ ಬೆಲೆ ಕೊಟ್ಟು ಓಡಿಸಿ. ಕ್ಲೌಡ್ ಸೇವೆಯೊಂದಿಗೆ ನಡೆದ ಪ್ರತಿ ಸಂಭಾಷಣೆಯೂ ಬರುತ್ತದೆ. ಅದರಲ್ಲಿ ಟೋಕನ್‌ಗಳೂ ಪಾಸ್‌ವರ್ಡ್‌ಗಳೂ ಸೇರಿರಬಹುದಾದ್ದರಿಂದ ಎಲ್ಲರಿಗೂ ಕಾಣುವ ಲಾಗ್‌ಗೆ ಬಿಡದೆ ಫೈಲಿಗೆ ಬರೆಸಿ, ಕೆಲಸ ಮುಗಿದ ಮೇಲೆ ಅಳಿಸಿ.

ಮತ್ತೆ ಓಡಿಸುವ ಮೊದಲು

ಸ್ವಯಂಚಾಲಿತವಾಗಿ ಮರುಪ್ರಯತ್ನಿಸಬಹುದಾದ ದೋಷಗಳು ಕೆಲವೇ: 429, 5ರಿಂದ ಶುರುವಾಗುವ ಸಂಖ್ಯೆಗಳು, ನೆಟ್‌ವರ್ಕ್ ಕಡಿತ, ಅನುಮತಿ ಹರಡುವಲ್ಲಿನ ವಿಳಂಬ. ಇವುಗಳಲ್ಲೂ ಪ್ರತಿ ಪ್ರಯತ್ನದ ನಡುವಿನ ಅಂತರವನ್ನು ಹೆಚ್ಚಿಸುತ್ತ ಹೋಗಬೇಕು. ಟೆರಾಫಾರ್ಮ್‌ನಲ್ಲಿ 429 ಪದೇ ಪದೇ ಬರುತ್ತಿದ್ದರೆ ‘ಪ್ಯಾರಲೆಲಿಸಂ’ (ಒಂದೇ ಹೊತ್ತಿಗೆ ಮಾಡುವ ಕೆಲಸಗಳ ಸಂಖ್ಯೆ) ಅನ್ನು 10ರಿಂದ ಇಳಿಸಿ ನೋಡಿ. ಅನುಮತಿ ಹರಡುವ ವಿಳಂಬದಿಂದ ಬಂದವನ್ನು ಬಿಟ್ಟರೆ 400, 403, 409 ಸಾಮಾನ್ಯವಾಗಿ ಎಷ್ಟು ಸಲ ಓಡಿಸಿದರೂ ಹಾಗೆಯೇ ಇರುತ್ತವೆ.

ಕಾರಣ ಸಿಕ್ಕಿ ಸರಿಪಡಿಸಿದ ಬಳಿಕವೂ ಹಿಂದೆ ಉಳಿಸಿದ ಪ್ಲ್ಯಾನ್ ಫೈಲನ್ನು ಮತ್ತೆ ಬಳಸಲಾಗದು. ಸ್ಟೇಟ್ ಬದಲಾಗಿರುವುದರಿಂದ ಟೆರಾಫಾರ್ಮ್ ಅದು ಹಳತಾಗಿದೆ ಎಂದು ತಿರಸ್ಕರಿಸುತ್ತದೆ, ಅದು ಸರಿಯೇ. ಹೊಸ ಪ್ಲ್ಯಾನ್ ಮಾತ್ರ ಓಡಿಸಿ, ಅಪ್ಲೈಗೆ ಹೋಗದೆ ಅದನ್ನು ಕುಳಿತು ಓದಿ. ಆರಂಭದಲ್ಲಿ ಹೇಳಿದ ಇಪ್ಪತ್ತರ ಲೆಕ್ಕದಲ್ಲಿ ಹತ್ತು ಆಗಲೇ ಸೃಷ್ಟಿಯಾಗಿದ್ದರೆ ಪ್ಲ್ಯಾನ್ ಹೇಳಬೇಕಾದದ್ದು 10 ಸೇರ್ಪಡೆ, 0 ಬದಲಾವಣೆ, 0 ನಾಶ ಎಂದು. 20 ಸೇರ್ಪಡೆ ಎಂದರೆ ಸ್ಟೇಟ್ ಕಳೆದುಹೋಗಿದೆ, ಅಲ್ಲೇ ನಿಲ್ಲಿ. 10 ಸೇರ್ಪಡೆ ಮತ್ತು 1 ನಾಶ ಎಂದರೆ ಹನ್ನೊಂದನೆಯದು ಅರ್ಧ ಸೃಷ್ಟಿಯಾಗಿ ‘ಟೇಂಟೆಡ್’ ಎಂದು ಗುರುತಾಗಿದೆ, ಟೆರಾಫಾರ್ಮ್ ಅದನ್ನು ಕೆಡವಿ ಮತ್ತೆ ಕಟ್ಟಲಿದೆ. ಅದು ಖಾಲಿ ಸರ್ವರ್ ಆಗಿದ್ದರೆ ಕೆಡವಲಿ. ದತ್ತಾಂಶ ಬರಲು ಶುರುವಾಗಿರುವ ಡಿಸ್ಕ್ ಅಥವಾ ಡೇಟಾಬೇಸ್ ಆಗಿದ್ದರೆ ಮೊದಲು ಅದರ ಸ್ಥಿತಿಯನ್ನು ಕ್ಲೌಡ್‌ನಲ್ಲೇ ನೋಡಿ, ಸರಿಯಾಗಿದ್ದರೆ ‘ಅನ್‌ಟೇಂಟ್’ ಮಾಡಿ, ಇನ್ನೊಮ್ಮೆ ಪ್ಲ್ಯಾನ್ ಓಡಿಸಿ. ಆಗ 9 ಸೇರ್ಪಡೆ, 0 ನಾಶ ಎಂದು ಬಂದರೆ ಗುಂಡಿಯನ್ನು ಒತ್ತಬಹುದು.